ಬಡವರ ಕೈಯಲ್ಲಿ ಹಣ: ಅನುಮಾನವೋ, ಅಧ್ಯಯನವೋ?

ಕಳೆದ ತಿಂಗಳ ಒಂದು ಭಾನುವಾರ. ಬೆಳಗಿನ ಬಲಿಪೂಜೆ ಮುಗಿದು ಜನರು ದೇವಾಲಯದ ಅಂಗಳದಲ್ಲಿ ನಿಂತು ಕುಶಲ ವಿಚಾರಿಸುತ್ತಿದ್ದ ಹೊತ್ತು. ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ನಮ್ಮನ್ನು ಬದಿಗೆ ಕರೆದು ತಮ್ಮ ಚಿಂತೆಯನ್ನು ತೋಡಿಕೊಂಡರು. ಅವರ ಮಗಳು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು. ಬಡವರಿಗೆ ತಿಂಗಳು ತಿಂಗಳು ಷರತ್ತಿಲ್ಲದೆ ಹಣ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಅಧ್ಯಯನ ಮಾಡುವ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದರಲ್ಲಿ ದುಡಿಯಬೇಕೆಂಬುದು ಆಕೆಯ ಹಂಬಲ. "ಫಾದರ್, ಇದೂ ಒಂದು ಉದ್ಯೋಗವೇ? ಬಿಟ್ಟಿ ದುಡ್ಡು ಸಿಕ್ಕಿದರೆ ಜನ ಸೋಮಾರಿಗಳಾಗುತ್ತಾರೆ, ಕುಡಿಯುತ್ತಾರೆ. ಇದನ್ನು ತಿಳಿಯಲು ಸಂಶೋಧನೆ ಬೇಕೇ?" ಎಂದು ಆ ತಂದೆ ಕೇಳಿದರು. ಅಂದು ನಾವು ಕೊಟ್ಟ ಉತ್ತರ ನಮಗೇ ತೃಪ್ತಿ ನೀಡಲಿಲ್ಲ. ಆದುದರಿಂದ ಈ ವಾರ ಅದೇ ಪ್ರಶ್ನೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ಖಾತರಿ ಆದಾಯವೆಂದರೆ, ಆದಾಯ ಕಡಿಮೆಯಿರುವವರಿಗೆ ನಿಯತಕಾಲಕ್ಕೆ ನಗದನ್ನು ನೀಡಿ, ಅದನ್ನು ಹೇಗೆ ವೆಚ್ಚ ಮಾಡಬೇಕೆಂಬ ತೀರ್ಮಾನವನ್ನು ಅವರಿಗೇ ಬಿಡುವುದು. ಈ ವಿಚಾರವನ್ನು ತತ್ತ್ವಶಾಸ್ತ್ರಜ್ಞರು ಬಹುಕಾಲದಿಂದ ಚರ್ಚಿಸಿದ್ದಾರೆ. ಎಲ್ಲರಿಗೂ ಮೂಲ ಆದಾಯ ದೊರೆಯಬೇಕೆಂದು ವಾದಿಸಿದ ಫಿಲಿಪ್ ವಾನ್ ಪರೈಸ್ ಅವರು ಬೆಲ್ಜಿಯಂ ದೇಶದ ಲುವೇನ್ ಕಥೋಲಿಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದವರು. ಆದರೆ ವಾದ ಬೇರೆ, ಪರೀಕ್ಷೆ ಬೇರೆ. ಪರೀಕ್ಷೆಗೆಂದೇ ಮೀಸಲಾದ ಸಂಸ್ಥೆಗಳಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ 2020ರಲ್ಲಿ ಸ್ಥಾಪನೆಗೊಂಡ ಖಾತರಿ ಆದಾಯ ಸಂಶೋಧನಾ ಕೇಂದ್ರವು ಪ್ರಮುಖವಾದುದು. ಇದರ ಸ್ಥಾಪಕಿಯರಾದ ಏಮಿ ಕ್ಯಾಸ್ಟ್ರೊ ಮತ್ತು ಸ್ಟೇಷಿಯಾ ವೆಸ್ಟ್ ಇಬ್ಬರೂ ಸಮಾಜಕಾರ್ಯ ಕ್ಷೇತ್ರದ ವಿದ್ವಾಂಸರೆಂಬುದು ಗಮನಾರ್ಹ.

ಈ ಕೇಂದ್ರ ಹುಟ್ಟುವುದಕ್ಕೆ ಮುನ್ನವೇ ಅವರಿಬ್ಬರೂ ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ನಗರದಲ್ಲಿ ಇಂತಹ ಒಂದು ಅಧ್ಯಯನ ಆರಂಭಿಸಿದ್ದರು. 2012ರಲ್ಲಿ ದಿವಾಳಿ ಅರ್ಜಿ ಹಾಕಿದ್ದ ನಗರವದು. ಮೇಯರ್ ಮೈಕಲ್ ಟಬ್ಸ್ ಅವರ ಮುಂದಾಳತ್ವದಲ್ಲಿ 2019ರ ಫೆಬ್ರವರಿಯಿಂದ 24 ತಿಂಗಳ ಕಾಲ 125 ನಿವಾಸಿಗಳಿಗೆ ತಿಂಗಳಿಗೆ 500 ಡಾಲರ್ ನೀಡಲಾಯಿತು. ಹಣ ಬಂದದ್ದು ದಾನಿಗಳಿಂದ. ಆಯ್ಕೆ ನಡೆದದ್ದು ಚೀಟಿ ಎತ್ತಿದಂತೆ; ಯಾರ ಶಿಫಾರಸಿಗೂ ಅಲ್ಲಿ ಎಡೆಯಿರಲಿಲ್ಲ. ಹಣ ಪಡೆಯದ ಮತ್ತೊಂದು ಗುಂಪನ್ನೂ ಹೋಲಿಕೆಗಾಗಿ ಇರಿಸಿಕೊಳ್ಳಲಾಯಿತು.

ಇಂತಹ ಕೇಂದ್ರದಲ್ಲಿ ದುಡಿಯುವವರ ಕೆಲಸವಾದರೂ ಏನು? ಕೊಡುವುದಕ್ಕಿಂತ ಕೇಳಿ ತಿಳಿಯುವುದೇ ಹೆಚ್ಚು. ಈ ತಿಂಗಳು ಎಷ್ಟು ಗಳಿಸಿದಿರಿ, ಕಳೆದ ತಿಂಗಳಿಗೂ ಇದಕ್ಕೂ ವ್ಯತ್ಯಾಸವೆಷ್ಟು, ಹಠಾತ್ತನೆ ಖರ್ಚು ಬಂದರೆ ಯಾರ ಬಳಿ ಸಾಲ ಕೇಳುತ್ತೀರಿ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ನಿಗದಿತ ಅವಧಿಗೊಮ್ಮೆ ವಿಚಾರಿಸಬೇಕು. ಅಂಕಿಅಂಶಗಳು ಹೇಳದೆ ಬಿಟ್ಟುದನ್ನು ದೀರ್ಘ ಸಂದರ್ಶನಗಳಲ್ಲಿ ಕುಳಿತು ಆಲಿಸಬೇಕು. ಈ ಹಣ ಸೇರಿದ ಕಾರಣಕ್ಕೆ ಸರಕಾರದಿಂದ ಬರುತ್ತಿರುವ ಬೇರೆ ನೆರವು ತಪ್ಪಿಹೋದೀತೇ ಎಂಬುದನ್ನು ಮೊದಲೇ ವಿವರಿಸಿ, ಒಪ್ಪಿಗೆ ಪಡೆಯಬೇಕು.

ಇದಕ್ಕಿಂತ ಕಠಿಣವಾದುದು ಹಣ ಸಿಗದವರೊಡನೆ ಮಾತಾಡುವುದು. ನೆರೆಮನೆಯವನಿಗೆ 500 ಡಾಲರ್ ಬಂದಿದೆ, ತನಗೆ ಬಂದಿಲ್ಲ. ಆದರೂ ತನ್ನ ಬಡತನದ ಕಥೆಯನ್ನು ಪ್ರಶ್ನಾವಳಿಗೆ ಒಪ್ಪಿಸಬೇಕು. ಮನುಷ್ಯನನ್ನು ಕೇವಲ ಸಾಧನವೆಂದು ಬಳಸಬಾರದು, ಅವನೇ ಗುರಿಯಾಗಿರಬೇಕು ಎಂಬ ಕಾಂಟ್‌ನ ವಿಚಾರವನ್ನು ಗುರುಮಠದಲ್ಲಿ ನಾವು ಪರೀಕ್ಷೆಗಾಗಿ ಓದಿದ್ದೆವು. ಈ ಕೇಂದ್ರಗಳ ಕಾರ್ಯಕರ್ತರು ಅದನ್ನು ಪ್ರತಿ ದಿನವೂ ದೂರವಾಣಿ ಹಿಡಿದು ಪಾಲಿಸಬೇಕಾಗಿದೆ.

ಇನ್ನು ಫಲಿತಾಂಶ. ಮೊದಲ ವರ್ಷದಲ್ಲಿ ಹಣ ಪಡೆದವರ ಪೈಕಿ ಪೂರ್ಣಾವಧಿ ಉದ್ಯೋಗದಲ್ಲಿದ್ದವರ ಪ್ರಮಾಣ ಶೇಕಡಾ 28ರಿಂದ 40ಕ್ಕೆ ಏರಿತು. ಹಣ ಪಡೆಯದ ಗುಂಪಿನಲ್ಲಿ ಅದು 32ರಿಂದ 37ಕ್ಕೆ ಏರಿತು. ದಿನಗೂಲಿ ತಪ್ಪಿದರೆ ಊಟ ತಪ್ಪುವವನು ಒಳ್ಳೆಯ ಕೆಲಸದ ಸಂದರ್ಶನಕ್ಕೆ ಒಂದು ದಿನ ರಜೆ ಹಾಕಲಾರ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಹಾಕಬಲ್ಲ. ಖರ್ಚಿನ ಲೆಕ್ಕದಲ್ಲಿ ಹೆಚ್ಚಿನ ಪಾಲು ಆಹಾರಕ್ಕೆ ಸಂದಿತ್ತು. ಮದ್ಯ ಮತ್ತು ತಂಬಾಕಿಗೆ ವ್ಯಯವಾದುದು ಶೇಕಡಾ ಒಂದಕ್ಕೂ ಕಡಿಮೆ.

ಹಾಗಾದರೆ ಎಲ್ಲವೂ ಶುಭವೇ? ಇಲ್ಲ. ಎರಡನೆಯ ವರ್ಷ ಕೊರೊನಾ ಮಹಾಮಾರಿ ಬಂದೆರಗಿದಾಗ ಎರಡೂ ಗುಂಪುಗಳ ನಡುವಿನ ಅಂತರ ಬಹುಮಟ್ಟಿಗೆ ಕರಗಿತು. ಸಂಶೋಧಕಿಯರು ಅದನ್ನೂ ಮುಚ್ಚಿಡದೆ ಪ್ರಕಟಿಸಿದರು. ಟೆಕ್ಸಾಸ್ ಮತ್ತು ಇಲಿನಾಯ್ ರಾಜ್ಯಗಳಲ್ಲಿ 1,000 ಮಂದಿಗೆ ಮೂರು ವರ್ಷ ತಿಂಗಳಿಗೆ 1,000 ಡಾಲರ್ ಕೊಟ್ಟು ಬೇರೊಂದು ತಂಡ ನಡೆಸಿದ ಅಧ್ಯಯನದ ವರದಿ 2024ರಲ್ಲಿ ಹೊರಬಂತು. ಹಣ ಪಡೆದವರು ವಾರಕ್ಕೆ ಸರಾಸರಿ 1.3 ಗಂಟೆ ಕಡಿಮೆ ದುಡಿದರೆಂದು ಅದು ತಿಳಿಸಿತು. ನಮ್ಮ ಹಿರಿಯರ ಅನುಮಾನದಲ್ಲಿ ಸತ್ಯದ ಅಂಶ ಇಲ್ಲದಿಲ್ಲ. ಆದರೆ ಅದೆಷ್ಟು ಎಂಬುದನ್ನು ಹೇಳಬಲ್ಲದ್ದು ಅನುಮಾನವಲ್ಲ, ಅಧ್ಯಯನ.

ಬರೆದಿಟ್ಟ ಲೆಕ್ಕವನ್ನು ಯಾರೂ ಓದದಿದ್ದರೆ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. ಕೆನಡಾ ದೇಶದ ಮ್ಯಾನಿಟೋಬ ಪ್ರಾಂತದಲ್ಲಿ 1974ರಲ್ಲಿ ಆರಂಭವಾದ ಇಂತಹದೇ ಪ್ರಯೋಗ 1979ರಲ್ಲಿ ಅಂತಿಮ ವರದಿಯೇ ಇಲ್ಲದೆ ನಿಂತುಹೋಯಿತು. ಕುಟುಂಬಗಳು ಕೊಟ್ಟ ಉತ್ತರಗಳೆಲ್ಲ ಸುಮಾರು 1,800 ಪೆಟ್ಟಿಗೆಗಳಲ್ಲಿ ಧೂಳು ತಿನ್ನುತ್ತಾ ಬಿದ್ದವು. ದಶಕಗಳ ಬಳಿಕ ಮ್ಯಾನಿಟೋಬ ವಿಶ್ವವಿದ್ಯಾಲಯದ ಎವೆಲಿನ್ ಫೋರ್ಜೆ ಅವರು ಆ ಪೆಟ್ಟಿಗೆಗಳನ್ನು ಹುಡುಕಿ ತೆಗೆದರು. ಡಾಫಿನ್ ಪಟ್ಟಣದ ಆರೋಗ್ಯ ದಾಖಲೆಗಳನ್ನು ಪರಿಶೀಲಿಸಿದರು. ಪ್ರಯೋಗದ ಕಾಲದಲ್ಲಿ ಆಸ್ಪತ್ರೆ ಸೇರುವವರ ಪ್ರಮಾಣ, ಹೋಲಿಕೆಯ ಗುಂಪಿಗಿಂತ ಶೇಕಡಾ 8.5ರಷ್ಟು ಇಳಿದಿತ್ತೆಂದು 2011ರಲ್ಲಿ ತೋರಿಸಿಕೊಟ್ಟರು. ಹದಿಹರೆಯದ ಹೆಚ್ಚು ಮಕ್ಕಳು ಶಾಲೆಯಲ್ಲಿ ಮುಂದುವರಿದಿದ್ದರು.

ಇವೆಲ್ಲ ದೂರದ ದೇಶಗಳ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ 2011ರಲ್ಲಿ ಸೇವಾ ಮಹಿಳಾ ಸಂಘಟನೆಯು ಯುನಿಸೆಫ್ ನೆರವಿನಿಂದ ಪ್ರತಿ ವಯಸ್ಕರಿಗೆ 200 ರೂಪಾಯಿ, ಮಗುವಿಗೆ 100 ರೂಪಾಯಿ ಮಾಸಿಕ ನೀಡಿ ಪರೀಕ್ಷಿಸಿತ್ತು. ಅಲ್ಲಿಯೂ ಕುಡಿತದ ಖರ್ಚು ಹೆಚ್ಚಲಿಲ್ಲ. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಗೆ 2,000 ರೂಪಾಯಿ ಘೋಷಣೆಯಾದಾಗ ಅಂಗಡಿ ಜಗಲಿಗಳಲ್ಲಿ ಕೇಳಿಬಂದ ಮಾತು ನಮ್ಮ ಹಿರಿಯರ ಮಾತಿಗಿಂತ ಬೇರೆಯಾಗಿರಲಿಲ್ಲ. ಆ ಹಣ ಪಡೆದ ತಾಯಂದಿರನ್ನು ಕೇಳಿದವರೆಷ್ಟು ಮಂದಿ?

ಇಲ್ಲಿ ನಮ್ಮ ತಪ್ಪೊಂದನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ವಿಧವೆಯೊಬ್ಬರು ಧರ್ಮಕೇಂದ್ರದ ಬಡವರ ನಿಧಿಯಿಂದ ನೆರವು ಬೇಡಿ ಬಂದಿದ್ದರು. ಯಾತಕ್ಕೆಂದು ಕೇಳಿದಾಗ ಅಳುಕುತ್ತಾ ಮಕ್ಕಳ ಶಾಲೆಗೆಂದರು. ಹಾಗಾದರೆ ಶಾಲೆಯ ರಸೀದಿ ತನ್ನಿ, ಕೊಡೋಣ ಎಂದೆವು. ಅವರು ಮತ್ತೆ ಬರಲಿಲ್ಲ. ಮಳೆಗಾಲಕ್ಕೆ ಮೊದಲು ಮನೆಯ ಹಂಚು ಬದಲಿಸಬೇಕಿತ್ತು. ಅದನ್ನು ಹೇಳಿದರೆ ಕೊಡಲಾರರೆಂದು ಶಾಲೆಯ ಹೆಸರು ಹೇಳಿದ್ದರು ಎಂಬುದು ತಡವಾಗಿ ತಿಳಿಯಿತು. ಆ ವರ್ಷದ ಮಳೆಯಲ್ಲಿ ಆ ಮಕ್ಕಳು ಮಲಗಿದ್ದೆಲ್ಲಿ ಎಂದು ನಾವು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇವೆ. ಸುಳ್ಳು ಹೇಳಿದ್ದು ಅವರೆಂದು ಹೇಳಬಹುದು. ಸುಳ್ಳು ಹೇಳುವಂತೆ ಮಾಡಿದವರು ನಾವು.

ದುಡಿಮೆಯಲ್ಲಿ ಮಾನವನ ಘನತೆಯಿದೆಯೆಂಬುದು ಧರ್ಮಸಭೆಯ ಬೋಧನೆ. ಅದೇ ಬೋಧನೆಯ ಒಳಗೆ ನಿಂತು, 2020ರ ಪಾಸ್ಖ ಹಬ್ಬದಂದು ದಿವಂಗತ ಪೋಪ್ ಫ್ರಾನ್ಸಿಸ್ ಅವರು ಜನಪರ ಚಳವಳಿಗಳಿಗೆ ಬರೆದ ಪತ್ರದಲ್ಲಿ, ಹಕ್ಕುಗಳಿಲ್ಲದೆ ದುಡಿಯುವವರಿಗಾಗಿ ಸಾರ್ವತ್ರಿಕ ಮೂಲ ವೇತನದ ವಿಚಾರ ಮಾಡುವ ಕಾಲ ಬಂದಿರಬಹುದೆಂದು ಸೂಚಿಸಿದ್ದರು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಮುಗಿದಿಲ್ಲ. ಮುಗಿಸುವ ಅಧಿಕಾರ ನಮಗೂ ಇಲ್ಲ. ಆದರೆ ಬಡವನ ಬಗ್ಗೆ ತೀರ್ಪು ಕೊಡುವ ಮುನ್ನ ಅವನನ್ನು ಕೇಳುವುದು ನ್ಯಾಯದ ಮೊದಲ ಪಾಠ.

ಆ ತಂದೆಗೆ ಅಂದು ಹೇಳಬೇಕಾಗಿದ್ದ ಉತ್ತರವನ್ನು ಇಂದು ಹೇಳುತ್ತೇವೆ: ಹೌದು, ಇದೂ ಉದ್ಯೋಗವೇ. ನಿಮ್ಮ ಮಗಳನ್ನು ತಡೆಯಬೇಡಿ. ಕೇಳುವುದನ್ನು ಪ್ರೀತಿಯಿಂದ ಕೇಳಲಿ. ಕೇಳಿದ್ದನ್ನು ತನಗೆ ಹಿತವಾಗಲಿ ಬಿಡಲಿ, ಇದ್ದಂತೆಯೇ ಬರೆಯಲಿ. ರಜೆಗೆಂದು ಊರಿಗೆ ಬಂದಾಗ ನಮ್ಮ ಬಡವರ ನಿಧಿಯ ಅರ್ಜಿ ನಮೂನೆಯನ್ನೂ ಒಮ್ಮೆ ನೋಡಿಕೊಡಲಿ. ಅದರಲ್ಲಿ ಅಳಿಸಬೇಕಾದ ಪ್ರಶ್ನೆಗಳು ಕೆಲವಿವೆ.