ಲೆಕ್ಕ ತಪ್ಪಿಲ್ಲ, ಸರಿ, ಲೆಕ್ಕ ಹಾಕಿದವರು?

ಭ್ರಷ್ಟಾಚಾರ ಅಂದ ಕೂಡಲೇ ನಮಗೆ ನೆನಪಾಗೋದು ಮೇಜಿನ ಕೆಳಗೆ ಕೈ ಬದಲಾಯಿಸುವ ಲಂಚದ ಕವರ್. ಆದರೆ 'ಭ್ರಷ್ಟ' ಎಂಬ ಪದದ ಮೂಲ ಅರ್ಥ ಬಿದ್ದದ್ದು, ಜಾರಿದ್ದು. ಒಂದು ಪೈಸೆ ಮುಟ್ಟದೆಯೂ ಮನುಷ್ಯ ಹೇಗೆ ಜಾರುತ್ತಾನೆ ಅನ್ನೋದನ್ನು ಅಮೆರಿಕದ ಮೂರು ವೈಜ್ಞಾನಿಕ ಸಣ್ಣಕಥೆಗಳು ತೋರಿಸುತ್ತವೆ.

ಮೊದಲನೆಯದು ದುರಾಸೆ. ಫ್ರೆಡರಿಕ್ ಪೋಲ್ ಅವರ 'ದ ಟನಲ್ ಅಂಡರ್ ದ ವರ್ಲ್ಡ್' (1955) ಕಥೆಯ ಊರಿನಲ್ಲಿ ದಿನಾ ಬೆಳಗಾದರೆ ಜೂನ್ 15, ದಿನಾ ಹೊಸ ಜಾಹೀರಾತುಗಳ ಅಬ್ಬರ. ಅಸಲಿಗೆ ಆ ಊರು ಸ್ಫೋಟದಲ್ಲಿ ಎಂದೋ ನಾಶವಾಗಿದೆ. ಸತ್ತವರ ಮನಸ್ಸನ್ನು ಪುಟಾಣಿ ಯಂತ್ರಗಳಿಗೆ ತುಂಬಿ, ಯಾವ ಜಾಹೀರಾತು ಫಲಿಸುತ್ತೆ ಅಂತ ವ್ಯಾಪಾರಿಯೊಬ್ಬ ಪರೀಕ್ಷೆ ಮಾಡುತ್ತಿದ್ದಾನೆ. ಅವನ ಪಾಲಿಗೆ ಅವರು ಸತ್ತ ಮೇಲೂ ಗಿರಾಕಿಗಳೇ.

ಎರಡನೆಯದು ಒಗ್ಗಿಕೊಳ್ಳುವಿಕೆ. ಉರ್ಸುಲಾ ಲೆ ಗ್ವಿನ್ ಅವರ 'ದ ಒನ್ಸ್ ಹೂ ವಾಕ್ ಅವೇ ಫ್ರಮ್ ಒಮೆಲಾಸ್' (1973) ಕಥೆಯಲ್ಲಿ ಇಡೀ ನಗರದ ಸುಖ ನೆಲಮಾಳಿಗೆಯಲ್ಲಿ ಕೂಡಿಹಾಕಿದ ಒಂದೇ ಮಗುವಿನ ನರಳಾಟದ ಮೇಲೆ ನಿಂತಿದೆ. ಅದು ಎಲ್ಲರಿಗೂ ಗೊತ್ತು. ಕೆಲವರು ಊರು ಬಿಟ್ಟು ನಡೆಯುತ್ತಾರೆ. ಉಳಿದವರು ಅತ್ತು, ಆಮೇಲೆ ಸಮಾಧಾನ ಮಾಡಿಕೊಳ್ಳುತ್ತಾರೆ.

ಮೂರನೆಯದನ್ನು ಗುರುತಿಸೋದೇ ಕಷ್ಟ. ಟಾಮ್ ಗಾಡ್ವಿನ್ ಅವರ 'ದ ಕೋಲ್ಡ್ ಈಕ್ವೇಶನ್ಸ್' (1954) ಕಥೆಯಲ್ಲಿ ಅಣ್ಣನನ್ನು ನೋಡುವ ಆಸೆಯಿಂದ ಹುಡುಗಿಯೊಬ್ಬಳು ಔಷಧ ಒಯ್ಯುವ ಗಗನನೌಕೆಯಲ್ಲಿ ಅಡಗಿ ಕೂರುತ್ತಾಳೆ. ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತು ಅಂತ ಅವಳ ಲೆಕ್ಕ. ಆದರೆ ಇಂಧನ ಇರೋದು ಒಬ್ಬನಿಗೆ ಸಾಕಾಗುವಷ್ಟೇ. ಅವಳನ್ನು ಹೊರಗೆ ತಳ್ಳದಿದ್ದರೆ ನೌಕೆಯೂ ಉಳಿಯಲ್ಲ, ಔಷಧಕ್ಕೆ ಕಾದಿರುವ ರೋಗಿಗಳೂ ಉಳಿಯಲ್ಲ. ಇಲ್ಲಿ ಯಾರ ತಪ್ಪೂ ಇಲ್ಲ, ಇದು ಭೌತನಿಯಮ ಅನ್ನುತ್ತದೆ ಕಥೆ.

ಹೌದಾ? ಇಂಧನವನ್ನು ಅಷ್ಟು ಬಿಗಿಯಾಗಿ ಅಳೆದಿದ್ದು ಭೌತನಿಯಮವಲ್ಲ. ಒಳಗೆ ಬಂದವರು ಸಾಯುತ್ತಾರೆ ಅಂತ ಗೊತ್ತಿದ್ದೂ ಬಾಗಿಲಿಗೆ ಬೀಗ ಹಾಕದೆ ಬರೀ ಒಂದು ಬೋರ್ಡ್ ತಗುಲಿಸಿದ್ದೂ ಅದಲ್ಲ. ಅವೆಲ್ಲ ಮನುಷ್ಯರು ಮಾಡಿದ ತೀರ್ಮಾನಗಳು. ತಮ್ಮ ತೀರ್ಮಾನವನ್ನು ನಿಸರ್ಗದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳೋದು, ನನ್ನ ಪ್ರಕಾರ, ಲಂಚಕ್ಕಿಂತ ದೊಡ್ಡ ಭ್ರಷ್ಟತೆ. ಲಂಚದಲ್ಲಿ ಕನಿಷ್ಠ ಪಕ್ಷ ತೆಗೆದುಕೊಂಡವನ ಮುಖ ಕಾಣುತ್ತೆ.

ಬೆರಳಚ್ಚು ಹೊಂದಲಿಲ್ಲ ಅಂತ ರೇಷನ್ ಸಿಗದೆ ವಾಪಸಾಗುವ ಮುದುಕಿಗೂ ಇದೇ ಉತ್ತರ ಸಿಗುತ್ತೆ: 'ನಾವೇನು ಮಾಡೋಕಾಗುತ್ತಮ್ಮಾ, ಮಷೀನು ತಗೊಳ್ತಿಲ್ಲ.' ಮಷೀನು ತಗೊಳ್ಳದಿದ್ದಾಗ ಏನು ಮಾಡಬೇಕು ಅಂತ ತೀರ್ಮಾನಿಸಬೇಕಾದವರು ಮಾತ್ರ ಮನುಷ್ಯರೇ.