ರಕ್ತದೊಳಗಿನ ಒಂದು ಅಕ್ಷರ

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಹುಡುಗಿಯ ಮುಖ ಬಿಳಿಚಿತ್ತು. ಹಿಮೋಗ್ಲೋಬಿನ್ 10ರ ಆಸುಪಾಸಿನಲ್ಲಿತ್ತು. ಸೋದರಮಾವನೊಡನೆ ಮದುವೆ ಗೊತ್ತಾಗಿತ್ತು. "ಅಕ್ಕಿಕಾಳ ಬೀಳೂದ್ರೊಳಗ ಮೈಯಾಗ ರಕ್ತ ತುಂಬಬೇಕ್ರಿ" ಎಂದು ತಾಯಿ ಕೇಳಿಕೊಂಡರು. ಪಾಂಡುರೋಗವೆಂದು ನಿರ್ಣಯಿಸಿ ನಾವು ಮೂರು ತಿಂಗಳು ಲೋಹಾಸವವನ್ನೂ ಮಂಡೂರ ಭಸ್ಮವನ್ನೂ ಕೊಟ್ಟೆವು. ಹಿಮೋಗ್ಲೋಬಿನ್ ಕದಲಲಿಲ್ಲ. ಆಗ ಮಾಡಿಸಿದ ಬೇರೊಂದು ರಕ್ತಪರೀಕ್ಷೆಯಲ್ಲಿ ಆಕೆ ಥಲಸ್ಸೀಮಿಯಾ ವಾಹಕಿ ಎಂದು ತಿಳಿಯಿತು. ದೋಷವಿದ್ದುದು ಆಹಾರದಲ್ಲಲ್ಲ, ಡಿಎನ್ಎಯಲ್ಲಿ. ಕಬ್ಬಿಣದ ಕೊರತೆ ಇಲ್ಲದವರಿಗೆ ಕಬ್ಬಿಣ ಕೊಟ್ಟದ್ದು ನಮ್ಮ ತಪ್ಪು.

ಈ ಡಿಎನ್ಎ ಎಂಬುದೇನು? ತಿರುಚಿದ ನೂಲೇಣಿಯನ್ನು ಕಲ್ಪಿಸಿಕೊಳ್ಳಿರಿ. ಅದರ ಮೆಟ್ಟಿಲುಗಳು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಿಂದ ಆದವು. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಈ ಜೋಡಿ ಬದಲಾಗದು. ಆದುದರಿಂದಲೇ ಜೀವಕೋಶ ಒಡೆದು ಎರಡಾಗುವ ಮುನ್ನ ಏಣಿ ಉದ್ದಕ್ಕೆ ಸೀಳಿದರೂ ಪ್ರತಿ ಸೀಳೂ ತನ್ನ ಜೊತೆಯನ್ನು ತಾನೇ ಕಟ್ಟಿಕೊಳ್ಳಬಲ್ಲದು. ಕಣ್ಣಿಗೆ ಕಾಣದ ಒಂದು ಕೋಶಕೇಂದ್ರದಲ್ಲಿ ಸುಮಾರು 2 ಮೀಟರ್ ಉದ್ದದ ಈ ಏಣಿ 46 ವರ್ಣತಂತುಗಳಾಗಿ ಸುತ್ತಿಕೊಂಡಿದೆ. ಅರ್ಧ ತಾಯಿಯದು, ಅರ್ಧ ತಂದೆಯದು.

ಡಿಎನ್ಎ ತಾನಾಗಿ ಏನನ್ನೂ ಕಟ್ಟುವುದಿಲ್ಲ. ಅದು ಬರೆಹ ಮಾತ್ರ. ಬೇಕಾದ ಭಾಗದ ಪ್ರತಿ ತಯಾರಾಗಿ, ಅದರಲ್ಲಿಯ ಅನಗತ್ಯ ತುಣುಕುಗಳು ಕತ್ತರಿಸಿಹೋಗಿ, ಉಳಿದುದನ್ನು ಮೂರು ಮೂರು ಅಕ್ಷರಗಳಂತೆ ಓದಿ ಜೀವಕೋಶವು ಪ್ರೋಟೀನನ್ನು ಹೆಣೆಯುತ್ತದೆ. ಹಿಮೋಗ್ಲೋಬಿನ್ನಿನ ಒಂದು ಎಳೆಯ ಬರೆಹ 11ನೆಯ ವರ್ಣತಂತುವಿನಲ್ಲಿದೆ. ಕತ್ತರಿಸಬೇಕಾದ ಮೊದಲ ತುಣುಕಿನ 5ನೆಯ ಅಕ್ಷರ ಜಿ ಇರಬೇಕಾದಲ್ಲಿ ಸಿ ಆಗಿರುವುದು ಭಾರತೀಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಥಲಸ್ಸೀಮಿಯಾ ದೋಷ. ಅಷ್ಟಕ್ಕೇ ಕತ್ತರಿ ತಪ್ಪಿದ ಜಾಗದಲ್ಲಿ ಬೀಳುತ್ತದೆ. ಬಹುಪಾಲು ಪ್ರತಿಗಳು ಕೆಟ್ಟುಹೋಗುತ್ತವೆ.

ಒಂದು ಬರೆಹ ಕೆಟ್ಟರೂ ಇನ್ನೊಂದು ಸರಿಯಿದ್ದರೆ ಬದುಕು ನಡೆಯುತ್ತದೆ. ಅವರೇ ವಾಹಕರು. ಎರಡೂ ಕೆಟ್ಟ ಮಗು ಸಾಮಾನ್ಯವಾಗಿ ಎರಡು ವರ್ಷ ತುಂಬುವುದರೊಳಗೆ ಬಿಳಿಚತೊಡಗುತ್ತದೆ. ಅನಂತರ ಮೂರು ನಾಲ್ಕು ವಾರಗಳಿಗೊಮ್ಮೆ ಪರರ ರಕ್ತ ಪಡೆಯಬೇಕು, ಆ ರಕ್ತದಿಂದ ಹೃದಯ ಯಕೃತ್ತುಗಳಲ್ಲಿ ಸೇರುವ ಕಬ್ಬಿಣವನ್ನು ತೆಗೆಯಲು ಮತ್ತೆ ಔಷಧ. ವಾಹಕ ದಂಪತಿಗಳಿಗೆ ಪ್ರತಿಯೊಂದು ಗರ್ಭದಲ್ಲಿಯೂ ಈ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿತು, ಇನ್ನು ಮೂರಕ್ಕೆ ಭಯವಿಲ್ಲ ಎಂದು ಲೆಕ್ಕ ಹಾಕುವವರನ್ನು ನಾವು ಕಂಡಿದ್ದೇವೆ. ಆ ಲೆಕ್ಕ ತಪ್ಪು.

ಚರಕಸಂಹಿತೆ ಬೀಜಭಾಗದ ದೋಷದಿಂದ ಅವಯವ ವಿಕೃತಿಯಾಗುವುದನ್ನು ಹೇಳುತ್ತದೆ. ಅದರ ಶಾರೀರಸ್ಥಾನದ 2ನೆಯ ಅಧ್ಯಾಯಕ್ಕೆ ಅತುಲ್ಯಗೋತ್ರೀಯ ಎಂದೇ ಹೆಸರು. ಆದ್ದರಿಂದ ಚರಕರಿಗೆ ಡಿಎನ್ಎ ಗೊತ್ತಿತ್ತೆಂಬ ಮಾತನ್ನು ನಾವು ಒಪ್ಪೆವು. ಏಣಿಯ ರೂಪ ತಿಳಿದದ್ದು 1953ರಲ್ಲಿ, ರೋಸಲಿಂಡ್ ಫ್ರ್ಯಾಂಕ್ಲಿನ್ ಅವರ ಎಕ್ಸ್‌ರೇ ಚಿತ್ರಗಳ ನೆರವಿನಿಂದ, ವಾಟ್ಸನ್ ಮತ್ತು ಕ್ರಿಕ್ ಅವರಿಗೆ. ಬೆಡಗು ಬೇರೆಯಾದರೆ ಸಾಕೆಂದು ನಮ್ಮ ಹಿರಿಯರು ನಂಬಿದರು. ಸೋದರಮಾವನ ಬೆಡಗು ಬೇರೆ, ಅಕ್ಕನ ಮಗಳ ಬೆಡಗು ಬೇರೆ, ನಿಜ. ಆದರೆ ಅವರ ಡಿಎನ್ಎಯಲ್ಲಿ ಸರಾಸರಿ ನಾಲ್ಕನೆಯ ಒಂದು ಭಾಗ ಒಂದೇ. ಸೋದರತ್ತೆಯ ಮಗನಾದರೆ ಎಂಟನೆಯ ಒಂದು ಭಾಗ.

ಪರೀಕ್ಷೆಗೆ ಬೇಕಾದುದು ಸ್ವಲ್ಪ ರಕ್ತ. ಹಿಮೋಗ್ಲೋಬಿನ್ ಎ2 ಪ್ರಮಾಣ ನೋಡುತ್ತಾರೆ. ನಿಶ್ಚಿತಾರ್ಥಕ್ಕೆ ಮೊದಲೇ ಮಾಡಿಸಬೇಕು. ಮದುವೆಯಾಗಿಬಿಟ್ಟಿದ್ದರೆ ಗರ್ಭ ನಿಂತ ಕೂಡಲೇ ವೈದ್ಯರಿಗೆ ತಿಳಿಸಿದಲ್ಲಿ 11-12ನೆಯ ವಾರದಲ್ಲಿ ಶಿಶುವಿನ ಡಿಎನ್ಎಯನ್ನೇ ಪರೀಕ್ಷಿಸಬಹುದು.

ಆ ಸೋದರಮಾವನನ್ನು ಒಪ್ಪಿಸಲು ಹದಿನೈದು ದಿನ ಹಿಡಿಯಿತು. ಗಟ್ಟಿಮುಟ್ಟಾದ ಆಳು, ತನಗೇಕೆ ಪರೀಕ್ಷೆ ಎಂದನು. ಅವನೂ ವಾಹಕನೇ ಆಗಿದ್ದನು. ಮದುವೆ ಮುರಿಯಿತು, ತಾಯಿ ಎರಡು ವರ್ಷ ನಮ್ಮೊಡನೆ ಮಾತಾಡಲಿಲ್ಲ. ಮುಂದೆ ಬೇರೆ ಊರಿನ ವರನ ರಕ್ತವನ್ನು ನೋಡಿಸಿಯೇ ಮಗಳನ್ನು ಕೊಟ್ಟರು. ಈಗ ಮೊಮ್ಮಗನ ಕೆಮ್ಮಿಗೆ ಔಷಧ ಒಯ್ಯಲು ಅವರೇ ಬರುತ್ತಾರೆ.