ಪೆಟ್ಟಿಗೆಯೊಳಗೆ ಕಾರು ಕಟ್ಟುವ ಕಸುಬು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ನೆಲದಡಿ ಸುಣ್ಣದಕಲ್ಲಿದೆ. ಹಾಗಾಗಿ ನೆಲದ ಮೇಲೆ ಸಿಮೆಂಟ್ ಕಾರ್ಖಾನೆ, ಪರಸಿ ಗಣಿ, ಇವೆರಡರ ಸುತ್ತ ಲಾರಿಗಳ ಸಾಲು. ಭಾರ ಹೇರಿ ಬಿಗಿಯುವುದು ಇಲ್ಲಿನವರಿಗೆ ತಲೆಮಾರುಗಳ ವಿದ್ಯೆ. ಶಹಾಬಾದಿ ಪರಸಿಯನ್ನು ಲಾರಿಯಲ್ಲಿ ಮಲಗಿಸಿ ಒಯ್ಯುವುದಿಲ್ಲ. ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಒರಗಿಸಿ, ಸಂದು ಉಳಿಯದಂತೆ ಒತ್ತಿ ಕಟ್ಟುತ್ತಾರೆ. ಮಲಗಿಸಿದ ಚಪ್ಪಡಿ ರಸ್ತೆಯ ಕುಲುಕಾಟಕ್ಕೆ ನಡುವೆ ಸೀಳುತ್ತದೆ ಎಂಬುದು ಹಮಾಲರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಈ ಸೀಮೆಗೆ ಈಚೆಗೆ ಸೇರಿಕೊಂಡ ಹೇರು ಕಾರು. ವಾಡಿಯ ಎಸಿಸಿ ಕಾರ್ಖಾನೆ 1968ರದು. ಆಮೇಲೆ ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಗೂ ಕಾರ್ಖಾನೆ ಬಂದವು, ಜೊತೆಗೆ ಕಾಲನಿಗಳೂ ಎದ್ದವು. ಕಾಲನಿ ಎಂದ ಮೇಲೆ ವರ್ಗಾವಣೆ ಇದ್ದದ್ದೇ. ರಾಜಸ್ಥಾನಕ್ಕೋ ಮಧ್ಯಪ್ರದೇಶಕ್ಕೋ ಹೊರಟ ಕುಟುಂಬ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತುತ್ತದೆ. ಸಿಕಂದರಾಬಾದಿನ ಹಾದಿ ಇಲ್ಲಿ ಕೂಡಿದ್ದು 1874ರಲ್ಲಿ, ಅಂದಿನಿಂದ ಇದು ನಾಲ್ಕು ದಿಕ್ಕಿನವರ ತಂಗುದಾಣ. ಕಾರು ಮಾತ್ರ ಮುಚ್ಚಿದ ಟ್ರೇಲರಿನಲ್ಲಿ, ನಮ್ಮವರ ಬಾಯಲ್ಲಿ ಕಂಟೇನರಿನಲ್ಲಿ, ಬೇರೆ ಹೋಗುತ್ತದೆ.

ಮುಚ್ಚಿದ ಗಾಡಿ ಯಾಕೆ ಎಂದರೆ ಇಲ್ಲಿಯ ಧೂಳನ್ನು ಬಲ್ಲವರಿಗೆ ಉತ್ತರ ಬೇಕಿಲ್ಲ. ಮುಂದಿನ ಲಾರಿಯಿಂದ ಸಿಡಿದ ಒಂದು ಜಲ್ಲಿ ಸಾಕು, ಗಾಜು ಹೋಗಲು. ಆದರೆ ಪೆಟ್ಟಿಗೆ ಒಂದು ಸುಳ್ಳು ಧೈರ್ಯವನ್ನೂ ಕೊಡುತ್ತದೆ. ಒಳಗಿದೆಯಲ್ಲ, ಇನ್ನೇನು ಎಂದು ಮಾಲೀಕ ನಿಶ್ಚಿಂತನಾಗುತ್ತಾನೆ. ಧೂಳಿನಿಂದ ಕಾರನ್ನು ಪೆಟ್ಟಿಗೆ ಕಾಯುತ್ತದೆ ನಿಜ; ಆ ಪೆಟ್ಟಿಗೆಯ ಗೋಡೆಯಿಂದ ಕಾರನ್ನು ಕಾಯಬೇಕಾದದ್ದು ಅದನ್ನು ಬಿಗಿಯುವ ಪಟ್ಟಿ.

ಲೆಕ್ಕ ಸರಳ. ಗಟ್ಟಿ ಬ್ರೇಕ್ ಹಾಕಿದಾಗ ಹೇರು ತನ್ನ ತೂಕದ ಶೇ 80ರಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದು, ತಿರುವಿನಲ್ಲಿ ಅರ್ಧದಷ್ಟು ಬಲದಿಂದ ಪಕ್ಕಕ್ಕೆ ಎಳೆಯಬಹುದು ಎಂದು ಹಿಡಿದೇ ಯುರೋಪಿನ ಹೇರುಕಟ್ಟಿನ ಮಾನದಂಡ ರೂಪಿಸಿದ್ದಾರೆ. ಸಾವಿರ ಕಿಲೋದ ಕಾರಿಗೆ ಅದು ಎಂಟು ಕ್ವಿಂಟಲ್, ಅಂದರೆ ಹದಿನಾರು ಸಿಮೆಂಟ್ ಚೀಲ ಒಟ್ಟಿಗೆ ಬಂದು ಗುದ್ದಿದ ಹಾಗೆ. ಹ್ಯಾಂಡ್‌ಬ್ರೇಕನ್ನೇ ನಂಬಿ ಕಾರನ್ನು ಸುಮ್ಮನೆ ನಿಲ್ಲಿಸಿ ಬಾಗಿಲು ಹಾಕುವವರು ಈ ಲೆಕ್ಕ ಕೇಳಬೇಕು.

ಕಾರಿನ ಹೇರು ಪರಸಿಯ ಹಾಗಲ್ಲ. ಪರಸಿ ಅಲುಗದಿದ್ದರೆ ಆಯಿತು. ಕಾರಿಗೆ ಸ್ಪ್ರಿಂಗುಗಳಿವೆ, ಕಟ್ಟಿದ ಮೇಲೂ ಅದು ಮೇಲೆ ಕೆಳಗೆ ಆಡುತ್ತದೆ. ಪಟ್ಟಿಯನ್ನು ಕಾರಿನ ಮೈಗೆ ಹಾಕಿ ಜಗ್ಗಿದರೆ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಗುಂಡಿ ಸಿಕ್ಕಾಗ ಮತ್ತಷ್ಟು ಕುಸಿಯುತ್ತದೆ. ಆ ಕ್ಷಣ ಪಟ್ಟಿ ಸಡಿಲ, ಮರುಕ್ಷಣ ಝಟಕೆ. ಎರೆನೆಲದ ಮೇಲೆ ಹಾಸಿದ ನಮ್ಮ ರಸ್ತೆಗಳು ಒಂದು ಮಳೆಗಾಲ ಕಳೆಯುವುದರಲ್ಲಿ ಅಲೆಯಾಗಿ ಏಳುತ್ತವೆ. ಇಂಥ ಹಾದಿಯಲ್ಲಿ ನೂರಾರು ಝಟಕೆ ತಿಂದ ಕೊಕ್ಕೆ ಕಳಚಿದರೆ ಆಶ್ಚರ್ಯವಿಲ್ಲ. ಬಲ್ಲವರು ಗಾಲಿಯನ್ನು ಕಟ್ಟುತ್ತಾರೆ. ಟೈರಿನ ಮೇಲಿಂದ ಪಟ್ಟಿ ಹಾಯಿಸಿ, ಹಿಂದೆ ಮುಂದೆ ನೆಲದ ಉಂಗುರಗಳಿಗೆ ಕೊಕ್ಕೆ ಹಾಕಿ, ರ‍್ಯಾಚೆಟ್ಟಿನಿಂದ ಬಿಗಿಯುತ್ತಾರೆ. ಗಾಲಿ ನೆಲಕ್ಕೆ ಅಂಟಿರುತ್ತದೆ, ಮೇಲಿನ ಕಾರು ತನ್ನ ಸ್ಪ್ರಿಂಗಿನ ಮೇಲೆ ತಾನು ಆಡಿಕೊಂಡಿರುತ್ತದೆ. ಈ ಕಸುಬಿನ ಜೀವಾಳ ಇದೇ ಎಂದು ನನ್ನ ಎಣಿಕೆ.

ಉಳಿದದ್ದು ಶಿಸ್ತು. ನಾಲ್ಕೂ ಗಾಲಿಗೆ ಪಟ್ಟಿ, ಗಾಲಿಯ ಹಿಂದೆ ಮುಂದೆ ಬೆಣೆ, ಕಾರು ಗೇರಿನಲ್ಲಿ, ಹ್ಯಾಂಡ್‌ಬ್ರೇಕ್ ಮೇಲೆ. ಪಟ್ಟಿಯ ಚೀಟಿಯಲ್ಲಿ ಹರಿಯುವ ತೂಕ ಒಂದು, ಹಾಕಬಹುದಾದ ತೂಕ ಇನ್ನೊಂದು ಇರುತ್ತದೆ, ನಂಬಬೇಕಾದದ್ದು ಎರಡನೆಯದನ್ನು. ಅಂಚು ಎಳೆಬಿಟ್ಟ ಪಟ್ಟಿಗೆ ಗಂಟು ಹಾಕಿ ಬಳಸುವುದು ಮಹಾ ತಪ್ಪು. ಹೊರಟ ಮೇಲೆ ಪಟ್ಟಿ ಒಮ್ಮೆ ಸಡಿಲಾಗಿಯೇ ತೀರುತ್ತದೆ. ಸೇಡಂ ಬಿಟ್ಟ ಗಾಡಿ ತಾಂಡೂರು ಮುಟ್ಟುವುದರೊಳಗೆ ಒಮ್ಮೆ ನಿಂತು ಮತ್ತೆ ಬಿಗಿಯಬೇಕು.

ಜನ ಮರೆಯುವ ಅಪಾಯ ಹೊಗೆಯದು. ಪೆಟ್ಟಿಗೆಯೊಳಗೆ ಎಂಜಿನ್ ಓಡುತ್ತಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ. ಕಾರು ಜಾಗಕ್ಕೆ ಬಂದ ಕೂಡಲೇ ಎಂಜಿನ್ ಆರಿಸಬೇಕು. ಒಳಗೆ ಇಕ್ಕಟ್ಟು ಬೇರೆ. ಎಷ್ಟೋ ಗಾಡಿಗಳಲ್ಲಿ ಕಾರಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಚಾಲಕ ಕಿಟಕಿಯಿಂದ ನುಸುಳಿ ಹೊರಬರಬೇಕು. ಇಳಿಜಾರು ಹಲಗೆಯ ಮೇಲೆ ಕಾರು ಏರುವಾಗ ಅದರ ಹಿಂದೆ ಯಾರೂ ನಿಲ್ಲಬಾರದು. ನಮ್ಮ ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆ ಕುಲುಮೆಯೇ ಆಗುವುದರಿಂದ ಡ್ಯಾಶ್‌ಬೋರ್ಡಿನಲ್ಲಿ ಲೈಟರ್, ಸ್ಪ್ರೇ ಡಬ್ಬಿ ಉಳಿಸಕೂಡದು. ಟ್ಯಾಂಕಿನಲ್ಲಿ ಕಾಲುಭಾಗ ಇಂಧನ ಸಾಕು.

ಕಾರುಗಳನ್ನು ಹೀಗೆ ಮುಚ್ಚಿ ಒಯ್ಯುವುದು ರೈಲ್ವೆಗೂ ಹೊಸದಲ್ಲ. ಪೆರಂಬೂರಿನ ರೈಲು ಬೋಗಿ ಕಾರ್ಖಾನೆಯಲ್ಲಿ ತಯಾರಾಗಿ, ಪ್ರಯಾಣಿಕರನ್ನು ಹೊತ್ತು ನಿವೃತ್ತವಾದ ಬೋಗಿಗಳ ಕಿಟಕಿ ಮುಚ್ಚಿ, ಆಸನ ಕಿತ್ತು, ತುದಿಗೆ ಬಾಗಿಲಿಟ್ಟು ಕಾರಿನ ಬೋಗಿ ಮಾಡುತ್ತಾರೆ; ಎನ್‌ಎಂಜಿ ಎಂದು ಅವುಗಳ ಹೆಸರು. ಬೋಗಿಯಿಂದ ಬೋಗಿಗೆ ಕಾರು ಓಡಿಸಿಕೊಂಡೇ ಒಳಹೋಗಬಹುದು. ಅಲ್ಲಿಯೂ ಗಾಲಿಗೆ ಬೆಣೆ ಕೊಟ್ಟು ಕಟ್ಟುವುದು ತಪ್ಪಿದ್ದಲ್ಲ.

ಇನ್ನು ಕಾಗದ. ಕಲಬುರಗಿ ನೋಂದಣಿಯ, ಅಂದರೆ ಕೆಎ 32ರ ಕಾರು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿಯುವುದಾದರೆ ಅಲ್ಲಿ ಮರುನೋಂದಣಿ ಆಗಬೇಕು, ಅದಕ್ಕೆ ಕಲಬುರಗಿ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಯ ನೌಕರರಿಗೆ 2021ರಿಂದ, ರಾಜ್ಯ ಬದಲಿಸಿದರೂ ಮರುನೋಂದಣಿ ಬೇಡದ ಬಿಎಚ್ ನೋಂದಣಿಯ ದಾರಿಯೂ ತೆರೆದಿದೆ. ಪದೇ ಪದೇ ಊರು ಬದಲಿಸುವ ಸಿಮೆಂಟ್ ನೌಕರರು ಇದನ್ನು ವಿಚಾರಿಸುವುದು ಒಳ್ಳೆಯದು. ಸಾಗಣೆ ವಿಮೆ ಬೇರೆಯೇ ಇದೆಯೋ ಇಲ್ಲವೋ ಎಂದು ಬಾಯಿಮಾತಿಗೆ ಬಿಡದೆ ಬರಹದಲ್ಲಿ ಕೇಳಿ. ನಾಲ್ಕೂ ಬದಿಯ ಫೋಟೊ, ಓಡೋಮೀಟರಿನ ಅಂಕಿ ನಿಮ್ಮ ಮೊಬೈಲಿನಲ್ಲಿರಲಿ.

ಸಹಿ ಹಾಕುವ ಮುನ್ನ ಒಂದು ಕೆಲಸ ಮಾಡಿ: ಬಾಗಿಲು ಮುಚ್ಚಲು ಬಿಡಬೇಡಿ, ಒಳಗೆ ಇಣುಕಿ ನೋಡಿ. ಪಟ್ಟಿ ಗಾಲಿಯ ಮೇಲಿದ್ದರೆ ಸಹಿ ಹಾಕಿ. ಬಂಪರಿಗೋ ಬಾಡಿಗೋ ಹಾಕಿದ್ದರೆ ಬಿಚ್ಚಿಸಿ ಮತ್ತೆ ಕಟ್ಟಿಸಿ. ಚಾಲಕ ಗೊಣಗಿದರೂ ಪರವಾಗಿಲ್ಲ.